ರಾಸ್ ಬಂದೂಕಿನ ಅಗುಳಿ

ರಾತ್ರಿ ಬಾಗಿಲಿಗೆ ಹಾಕಿದ ಅಗುಳಿ ತೂತಿಗೆ ಸರಿಯಾಗಿ ಕೂರದಿದ್ದರೆ ಬೆಳಗಾಗುವಷ್ಟರಲ್ಲಿ ನಾಲ್ಕು ಪಾತ್ರೆ ಹೋಗಿರಬಹುದು. ಬಂದೂಕಿನ ಅಗುಳಿಯ ವಿಷಯ ಹಾಗಲ್ಲ. ಅದನ್ನು ಬೋಲ್ಟು ಎನ್ನುತ್ತಾರೆ. ತೋಟಾವನ್ನು ನಳಿಕೆಯೊಳಕ್ಕೆ ದೂಡಿ, ಅದರ ಬೆನ್ನಿಗೆ ಬಿಗಿಯಾಗಿ ಒತ್ತಿ ನಿಲ್ಲುವುದು ಅದರ ಕೆಲಸ. ಕುದುರೆ ಎಳೆದ ಕ್ಷಣದಲ್ಲಿ ಪಾಯಿಂಟ್ 303 ತೋಟಾದೊಳಗೆ ಚದರ ಅಂಗುಲಕ್ಕೆ 18–19 ಟನ್ನಿನಷ್ಟು ಒತ್ತಡ ಹುಟ್ಟುತ್ತದೆ. ಗುಂಡನ್ನು ಮುಂದಕ್ಕೆ ಅಟ್ಟುವ ಆ ಬಲವೇ ಬೋಲ್ಟನ್ನು ಹಿಂದಕ್ಕೂ ಅಟ್ಟಲು ನೋಡುತ್ತದೆ. ಬೋಲ್ಟಿನ ಹಿಂದೆ ಇರುವುದು ಸಿಪಾಯಿಯ ಕೆನ್ನೆ ಮತ್ತು ಕಣ್ಣು.

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ‘ತ್ರೀ ನಾಟ್ ತ್ರೀ’ಯನ್ನೇ ತೆಗೆದುಕೊಳ್ಳಿ. ಲೀ-ಎನ್‌ಫೀಲ್ಡ್ ಎಂಬ ಈ ಬಂದೂಕು ಕಲ್ಕತ್ತೆಯ ಬಳಿಯ ಇಷಾಪುರದಲ್ಲಿಯೂ ತಯಾರಾಗುತ್ತಿತ್ತು. ಅದರ ಮೈಮೇಲೆ ಕೊರೆದ ಸಂಖ್ಯೆಯನ್ನೇ ಬೋಲ್ಟಿನ ಹಿಡಿಯ ಮೇಲೂ ಕೊರೆದಿರುತ್ತಾರೆ. ಅದು ಬರಿಯ ಲೆಕ್ಕಕ್ಕಲ್ಲ. ಒಂದು ಬಂದೂಕಿಗೆ ಹೊಂದಿಸಿದ ಬೋಲ್ಟು ಇನ್ನೊಂದರಲ್ಲಿ ಕೂತಂತೆ ಕಂಡರೂ ಕೂದಲೆಳೆಯಷ್ಟು ಸಡಿಲವಿರಬಹುದು. ಆ ಸಡಿಲದಲ್ಲಿ ತೋಟಾದ ಹಿತ್ತಾಳೆ ಹಿಗ್ಗಿ ಹರಿದೀತು. ಎಣ್ಣೆ ಹಚ್ಚಲು ಹತ್ತು ಬಂದೂಕುಗಳ ಬೋಲ್ಟು ತೆಗೆದವನು ಅವನ್ನು ಅದಲುಬದಲು ಮಾಡಬಾರದೆಂಬ ಕಟ್ಟುನಿಟ್ಟಿಗೆ ಇದೇ ಕಾರಣ.

ಬೋಲ್ಟೊಂದು ಎಷ್ಟು ದೂರದ ರಾಜಕೀಯವನ್ನು ಕಲಕಬಲ್ಲದೆಂಬುದಕ್ಕೆ ಕೆನಡಾ ದೇಶದ ರಾಸ್ ಬಂದೂಕಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಬೋಯರ್ ಯುದ್ಧದ ಕಾಲದಲ್ಲಿ ಕೆನಡಾದವರಿಗೆ ಇಂಗ್ಲೆಂಡಿನಿಂದ ಬೇಕಾದಷ್ಟು ಲೀ-ಎನ್‌ಫೀಲ್ಡುಗಳು ದೊರೆಯಲಿಲ್ಲ. ಆಗ ಸ್ಕಾಟ್ಲೆಂಡಿನ ಜಮೀನ್ದಾರ ಸರ್ ಚಾರ್ಲ್ಸ್ ರಾಸ್, ತಾನೇ ರಚಿಸಿದ ಬಂದೂಕನ್ನು ಕ್ವಿಬೆಕ್ಕಿನಲ್ಲಿ ತಯಾರಿಸಿಕೊಡುವುದಾಗಿ ಮುಂದೆ ಬಂದ. ನಮ್ಮದೇ ದೇಶದ ಆಯುಧ ಎಂಬ ಅಭಿಮಾನ ಅಂದಿನಿಂದಲೇ ಅದಕ್ಕೆ ಅಂಟಿಕೊಂಡಿತು. 1905ರಲ್ಲಿ ಮೊದಲ ಸಾವಿರ ಬಂದೂಕುಗಳು ಅಶ್ವಾರೋಹಿ ಪೊಲೀಸರ ಕೈ ಸೇರಿದವು. ಮರುವರ್ಷವೇ ಅಭ್ಯಾಸದಲ್ಲಿ ಬೋಲ್ಟು ಹಿಂದಕ್ಕೆ ಸಿಡಿದು ಪೊಲೀಸನೊಬ್ಬ ಒಂದು ಕಣ್ಣು ಕಳೆದುಕೊಂಡ. ಅವರು ಆ ಬಂದೂಕನ್ನು ಕೈಬಿಟ್ಟರು, ಸೈನ್ಯ ಬಿಡಲಿಲ್ಲ.

ರಾಸನ ಬೋಲ್ಟಿನ ಸೊಗಸು ಅದರ ನೇರ ಎಳೆತ. ಲೀ-ಎನ್‌ಫೀಲ್ಡಿನಲ್ಲಿ ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆಯಬೇಕು. ರಾಸನದರಲ್ಲಿ ಹಿಂದಕ್ಕೆಳೆದರೆ ಸಾಕು, ಒಳಗಿನ ಸುರುಳಿಗಾಡಿಗಳಿಂದ ಬೋಲ್ಟಿನ ತಲೆ ತಾನೇ ತಿರುಗಿ ಕಳಚಿಕೊಳ್ಳುತ್ತದೆ. ಮುಂದಕ್ಕೆ ದೂಡಿದರೆ ತಾನೇ ತಿರುಗಿ ಬಂಧಿಸಿಕೊಳ್ಳುತ್ತದೆ. ಗುರಿಯ ನಿಖರತೆಯಲ್ಲಂತೂ ಅದಕ್ಕೆ ಸಮನಿರಲಿಲ್ಲ. ಇಂಗ್ಲೆಂಡಿನ ಬಿಸ್ಲಿಯ ಸ್ಪರ್ಧೆಗಳಲ್ಲಿ 1914ಕ್ಕೆ ಮುಂಚೆ ಅದು ಬಹುಮಾನಗಳನ್ನು ಬಾಚಿತು.

ಆದರೆ 1910ರ ಮೂರನೆಯ ಮಾದರಿಯಲ್ಲಿ ಒಂದು ಘಾತಕ ದೋಷವಿತ್ತು. ಶುಚಿಗೊಳಿಸಲು ಬೋಲ್ಟನ್ನು ಬಿಚ್ಚಿ ಮತ್ತೆ ಜೋಡಿಸುವಾಗ ತಲೆಯನ್ನು ತಪ್ಪು ತಿರುವಿನಲ್ಲಿ ಸೇರಿಸಲು ಸಾಧ್ಯವಿತ್ತು. ಹಾಗೆ ಸೇರಿಸಿದರೂ ಬೋಲ್ಟು ಬಂದೂಕಿನೊಳಕ್ಕೆ ಹೋಗುತ್ತಿತ್ತು, ಮುಚ್ಚಿದಂತೆ ಕಾಣುತ್ತಿತ್ತು, ತೋಟಾ ಹಾರುತ್ತಿತ್ತು. ಬಂಧನ ಮಾತ್ರ ಆಗುತ್ತಿರಲಿಲ್ಲ! ಸಿಪಾಯಿಯ ಅಜಾಗ್ರತೆ ಎಂದು ಇದನ್ನು ತಳ್ಳಿಹಾಕಿದವರುಂಟು. ನಾನು ಒಪ್ಪಲಾರೆ. ಕೆಸರಿನ ಕಂದಕದಲ್ಲಿ, ಕತ್ತಲಲ್ಲಿ, ನಿದ್ದೆಗೆಟ್ಟ ಹುಡುಗ ಜೋಡಿಸಬೇಕಾದ ವಸ್ತುವನ್ನು ತಪ್ಪಾಗಿ ಜೋಡಿಸಲು ಬರುವಂತೆ ಮಾಡಿದವನದೇ ತಪ್ಪು.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ವಿಷಾನಿಲ ಬಿಟ್ಟಾಗ ಕೆನಡಾದ ಪ್ರಥಮ ಡಿವಿಜನ್ ಅಲ್ಲಿತ್ತು. ಆ ರಣದಲ್ಲಿ ಬಂದೂಕಿನ ಬೇರೊಂದು ರೋಗ ಹೊರಬಿತ್ತು. ರಾಸನ ತೋಟಾಗೂಡು ಬಹಳ ಬಿಗಿ. ಅವಸರದಲ್ಲಿ ತಯಾರಾದ ಬ್ರಿಟಿಷ್ ತೋಟಾಗಳು ಒಂದೇ ಅಳತೆಯವಲ್ಲ. ಸತತವಾಗಿ ಹಾರಿಸಿ ನಳಿಕೆ ಕಾದಂತೆ ಬೋಲ್ಟು ಕಚ್ಚಿಕೊಂಡುಬಿಡುತ್ತಿತ್ತು. ಶತ್ರು ಎದುರಿಗೆ ಬರುತ್ತಿದ್ದರೆ ಇವರು ಬೂಟುಗಾಲಿನಿಂದ ಬೋಲ್ಟನ್ನು ಒದ್ದು ತೆರೆಯಬೇಕಾಯಿತು. ಬದುಕುಳಿದ ಸುಮಾರು 5,000 ಮಂದಿಯಲ್ಲಿ 1,452 ಮಂದಿ ರಾಸ್ ಬಂದೂಕನ್ನು ಬಿಸುಟು, ಸತ್ತ ಬ್ರಿಟಿಷ್ ಸಿಪಾಯಿಗಳ ಲೀ-ಎನ್‌ಫೀಲ್ಡುಗಳನ್ನು ಎತ್ತಿಕೊಂಡಿದ್ದರು. ಇದಕ್ಕಿಂತ ಪ್ರಾಮಾಣಿಕವಾದ ಮತದಾನ ಯಾವ ದೇಶದಲ್ಲಿ ನಡೆದೀತು?

ಒಟ್ಟಾವದಲ್ಲಿ ಕುಳಿತ ಸೇನಾಮಂತ್ರಿ ಸ್ಯಾಮ್ ಹ್ಯೂಸ್ ಮಾತ್ರ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆತನಿಗೆ ರಾಸ್ ಬಂದೂಕು ಲೋಹವಲ್ಲ, ದೇಶದ ಮಾನ. ದಳಪತಿ ಆಲ್ಡರ್ಸನ್ ದೂರಿದಾಗ ಮಂತ್ರಿ ಅವನ ಮೇಲೆಯೇ ಹರಿಹಾಯ್ದು, ಆ ಪತ್ರದ ಪ್ರತಿಗಳನ್ನು ಅವನ ಕೈಕೆಳಗಿನ ಅಧಿಕಾರಿಗಳಿಗೂ ಕಳುಹಿಸಿದ. 1916ರ ಮೇ ತಿಂಗಳಲ್ಲಿ ಆಲ್ಡರ್ಸನ್ನನ ಪದವಿ ಹೋಯಿತು. ಅವನು ಹೇಳಿದ್ದು ನಿಜವೆಂದು ತೀರ್ಮಾನವಾಗಿ, ಅದೇ ವರ್ಷ ಕೆನಡಾದ ಡಿವಿಜನ್‌ಗಳೆಲ್ಲ ಲೀ-ಎನ್‌ಫೀಲ್ಡ್ ಹಿಡಿದವು; ನವೆಂಬರಿನಲ್ಲಿ ಹ್ಯೂಸನೂ ಮಂತ್ರಿಪದವಿ ಬಿಡಬೇಕಾಯಿತು. 1917ರಲ್ಲಿ ಸರ್ಕಾರ ಕ್ವಿಬೆಕ್ಕಿನ ಕಾರ್ಖಾನೆಯನ್ನು ವಶಪಡಿಸಿಕೊಂಡಿತು.

ವಿಚಿತ್ರವೆಂದರೆ, ಅಡಗಿ ಕುಳಿತು ಗುರಿಯಿಡುವವರು ಯುದ್ಧ ಮುಗಿಯುವವರೆಗೂ ರಾಸ್ ಬಂದೂಕನ್ನು ಬಿಡಲಿಲ್ಲ. ಗಂಟೆಗೊಂದು ಗುಂಡು ಹಾರಿಸುವವನಿಗೆ ನಳಿಕೆ ಕಾಯುವ ಭಯವಿಲ್ಲ. ಬೋಲ್ಟನ್ನು ಹಗಲಿನಲ್ಲಿ, ನಿಧಾನವಾಗಿ, ತಾನೇ ಜೋಡಿಸಿಕೊಳ್ಳುತ್ತಾನೆ.

ತಪ್ಪು ತಿರುವನ್ನು ತಡೆಯಲು ಆಮೇಲೆ ಕೆಲವು ಬಂದೂಕುಗಳ ಬೋಲ್ಟಿಗೆ ಒಂದು ಸಣ್ಣ ರಿವೆಟ್ಟು ಹೊಡೆದರು. ಪರಿಹಾರ ಅಷ್ಟೇ ಚಿಕ್ಕದಾಗಿತ್ತು. ಇಂದು ಹಳೆಯ ಆಯುಧಗಳನ್ನು ಸಂಗ್ರಹಿಸುವವರು ರಾಸ್ ಬಂದೂಕನ್ನು ಕೊಂಡರೆ ಮೊದಲು ಹುಡುಕುವುದು ಆ ರಿವೆಟ್ಟನ್ನು. ಅದಿಲ್ಲದಿದ್ದರೆ ತೋಟಾ ಹಾಕದೆ, ಬಂದೂಕನ್ನು ಮುಖದಿಂದ ದೂರ ಹಿಡಿದು ಬೋಲ್ಟನ್ನು ಮುಂದಕ್ಕೆ ದೂಡಿ, ಅದರ ತಲೆ ತಿರುಗಿ ಬಂಧಿಸಿಕೊಳ್ಳುವುದನ್ನು ಕಣ್ಣಾರೆ ನೋಡುತ್ತಾರೆ.