ಮ್ಯಾನ್ಯುಯೆಲ್ ಆರನ್: ಭಾರತೀಯ ಚೆಸ್‌ಗೆ ದಾರಿ ತೋರಿದ ಹಿರಿಯ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈನ 18ರ ಹರೆಯದ ಡಿ. ಗುಕೇಶ್ ಅವರು ಚೀನಾದ ಡಿಂಗ್ ಲಿರೆನ್ ಅವರನ್ನು ಮಣಿಸಿ ವಿಶ್ವ ಚಾಂಪಿಯನ್ ಪಟ್ಟಕ್ಕೇರಿದಾಗ, ದೇಶದ ಪತ್ರಿಕೆಗಳೆಲ್ಲ ವಿಶ್ವನಾಥನ್ ಆನಂದ್ ಅವರನ್ನು ನೆನೆದವು. ಅದು ಸಹಜವೇ. ಆದರೆ ಆನಂದ್ ಹುಟ್ಟುವುದಕ್ಕೂ ಎಂಟು ವರ್ಷ ಮೊದಲೇ ಅದೇ ಮದ್ರಾಸಿನಿಂದ ಹೊರಟು, ಅಂತಾರಾಷ್ಟ್ರೀಯ ಚೆಸ್‌ನ ಬಾಗಿಲು ತಟ್ಟಿದ ಆಟಗಾರರೊಬ್ಬರಿದ್ದರು. ಅವರೇ ಮ್ಯಾನ್ಯುಯೆಲ್ ಆರನ್. ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್. ಭಾರತದ ಪ್ರಪ್ರಥಮ ಇಂಟರ್‌ನ್ಯಾಷನಲ್ ಮಾಸ್ಟರ್. ಅರ್ಜುನ ಪ್ರಶಸ್ತಿಗೆ ಪಾತ್ರರಾದ ಮೊದಲ ಚೆಸ್ ಆಟಗಾರ. ಈ ಬಿರುದುಗಳಷ್ಟೇ ಆಗಿದ್ದರೆ ಅವರ ಹೆಸರು ದಾಖಲೆ ಪುಸ್ತಕದಲ್ಲಿ ಉಳಿಯುತ್ತಿತ್ತು. ತಾವು ಕಲಿತದ್ದನ್ನು ಕಿರಿಯರ ಮುಂದೆ ಬಿಚ್ಚಿಟ್ಟದ್ದರಿಂದ ಅದು ಒಂದು ಪರಂಪರೆಯ ಮೊದಲ ಪುಟದಲ್ಲಿ ಉಳಿದಿದೆ.

ಬರ್ಮಾದಿಂದ ಮದ್ರಾಸಿಗೆ

ಆರನ್ ಹುಟ್ಟಿದ್ದು 1935ರ ಡಿಸೆಂಬರ್ 30ರಂದು, ಅಂದು ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬರ್ಮಾದ ಟಾಂಗೂ ಪಟ್ಟಣದಲ್ಲಿ. ಬೆಳೆದದ್ದು ತಮಿಳುನಾಡಿನಲ್ಲಿ. ವಿಜ್ಞಾನ ಪದವಿ ಪಡೆದದ್ದು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ. ಚೆಸ್ ಆಡಿ ಹೊಟ್ಟೆ ಹೊರೆಯಬಹುದೆಂದು ಯಾರೂ ಎಣಿಸದ ಕಾಲವದು. ಅಖಿಲ ಭಾರತ ಚೆಸ್ ಫೆಡರೇಷನ್ ಸ್ಥಾಪನೆಯಾದದ್ದೇ 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಂಧ್ರದ ಏಲೂರಿನಲ್ಲಿ ನಡೆದದ್ದು 1955ರಲ್ಲಿ. 1959ರಲ್ಲಿ, 23ರ ಹರೆಯದಲ್ಲಿ, ಆರನ್ ಮೊದಲ ಬಾರಿಗೆ ರಾಷ್ಟ್ರೀಯ ಪಟ್ಟವನ್ನು ತಮ್ಮದಾಗಿಸಿಕೊಂಡರು. ಒಂಬತ್ತನೆಯ ಹಾಗೂ ಕೊನೆಯ ಪಟ್ಟ ಬಂದದ್ದು 1981ರಲ್ಲಿ, 45ರ ವಯಸ್ಸಿನಲ್ಲಿ.

ಒಂದು ದೇಶ, ಹಲವು ಚದುರಂಗ

ಆರನ್ ಅವರ ಸಾಧನೆಯ ಮಹತ್ವ ಅರಿಯಬೇಕಾದರೆ ಅಂದಿನ ಭಾರತದ ಚದುರಂಗ ಹೇಗಿತ್ತೆಂಬುದನ್ನು ತಿಳಿಯಬೇಕು. ಆಟ ಹುಟ್ಟಿದ ನಾಡಿನಲ್ಲೇ ಆಟದ ನಿಯಮಗಳು ಒಂದಾಗಿರಲಿಲ್ಲ. 1960ರ ದಶಕದವರೆಗೂ ಅನೇಕ ಕಡೆ ಸ್ಥಳೀಯ ಪದ್ಧತಿಗಳೇ ರೂಢಿಯಲ್ಲಿದ್ದವು. ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಜಿಗಿಯುವಂತಿರಲಿಲ್ಲ. ಕ್ಯಾಸ್ಲಿಂಗ್ ಬದಲು, ಒಮ್ಮೆಯೂ ಶಹ ಬೀಳದ ರಾಜ ಒಂದು ಸಲ ಕುದುರೆಯಂತೆ ನೆಗೆಯಬಹುದಿತ್ತು. ಕೊನೆಯ ಮನೆ ತಲುಪಿದ ಕಾಲಾಳು ಯಾವ ಸಾಲಿನಲ್ಲಿತ್ತೋ ಆ ಸಾಲಿನ ಕಾಯಿಯಾಗಿ ಬದಲಾಗುತ್ತಿತ್ತು. ಅಜ್ಜನೊಂದಿಗೆ ಮನೆಯ ಜಗಲಿಯಲ್ಲಿ ಆಡಿದ ಕನ್ನಡಿಗರಿಗೂ ಇಂಥ ನಿಯಮಗಳ ನೆನಪು ಇದ್ದೀತು.

ಪ್ರತಿಭೆಗೆ ಆಗಲೂ ಕೊರತೆಯಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲಿಯೇ ಕುದುರೆಯ ನಡೆಯ ಚಮತ್ಕಾರಿಕ ಬಂಧಗಳನ್ನು ರಚಿಸಿದ್ದರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀಯ ಪದ್ಧತಿಯಲ್ಲಿ ಪಳಗಿ, ಬಳಿಕ ಇಂಗ್ಲೆಂಡಿಗೆ ತೆರಳಿ 1929, 1932 ಹಾಗೂ 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದರು. ಆದರೆ ಸ್ವದೇಶಕ್ಕೆ ಮರಳಿದ ಮೇಲೆ ಅವರು ಸ್ಪರ್ಧಾ ಕಣದಿಂದ ದೂರ ಸರಿದರು. ಅವರ ಜ್ಞಾನವನ್ನು ಮುಂದಿನವರಿಗೆ ದಾಟಿಸಬಲ್ಲ ಕ್ಲಬ್ಬಾಗಲಿ, ಪತ್ರಿಕೆಯಾಗಲಿ, ಗ್ರಂಥಭಂಡಾರವಾಗಲಿ ಇಲ್ಲಿರಲಿಲ್ಲ. ಒಬ್ಬ ಮಹಾನ್ ಆಟಗಾರ ಬಂದುಹೋದರೂ ಮತ್ತೊಬ್ಬ ಹುಟ್ಟಲಿಲ್ಲ.

ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್

ಈ ಹಿನ್ನೆಲೆಯಲ್ಲಿ 1960ರ ಲೀಪ್‌ಜಿಗ್ ಒಲಿಂಪಿಯಾಡ್‌ನಲ್ಲಿ ಆರನ್ ಅವರು ಮಾಜಿ ವಿಶ್ವ ಚಾಂಪಿಯನ್, ಹಾಲೆಂಡಿನ ಮ್ಯಾಕ್ಸ್ ಯೂವೆ ಅವರನ್ನು ಸೋಲಿಸಿದ್ದು ಸಣ್ಣ ಸಂಗತಿಯಲ್ಲ. ಮರುವರ್ಷ ವಲಯ ಮಟ್ಟದ ಪಂದ್ಯಗಳಲ್ಲಿ ಮಂಗೋಲಿಯಾದ ಮ್ಯಾಗ್ಮಾರ್‌ಸುರೆನ್ ಅವರನ್ನು 3-1ರಿಂದಲೂ, ಆಸ್ಟ್ರೇಲಿಯಾದ ಅನುಭವಿ ಸೆಸಿಲ್ ಪರ್ಡಿ ಅವರನ್ನು 3-0ಯಿಂದಲೂ ಮಣಿಸಿದರು. ಪರ್ಡಿ ಎಂದರೆ ಅಂಚೆ ಚೆಸ್‌ನ ಮೊದಲ ವಿಶ್ವ ಚಾಂಪಿಯನ್. ಈ ಗೆಲುವಿನೊಂದಿಗೆ ಆರನ್ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿಗೇರಿದರು. ವಿಶ್ವ ಪಟ್ಟದ ಹಾದಿಯ ಮುಖ್ಯ ಮೆಟ್ಟಿಲಾದ ಇಂಟರ್‌ಜೋನಲ್ ಟೂರ್ನಿಗೂ ಅರ್ಹತೆ ಗಳಿಸಿದರು. 1961ನೇ ಸಾಲಿನ ಅರ್ಜುನ ಪ್ರಶಸ್ತಿಯೂ ಅವರನ್ನು ಅರಸಿ ಬಂತು.

ಸ್ಟಾಕ್‌ಹೋಮ್‌ನ ಪಾಠ

1962ರಲ್ಲಿ ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ನಡೆದ ಆ ಟೂರ್ನಿಯಲ್ಲಿ 23 ಮಂದಿ ಕಣದಲ್ಲಿದ್ದರು. ಅಮೆರಿಕದ ಬಾಬಿ ಫಿಷರ್ 22 ಆಟಗಳಿಂದ 17.5 ಅಂಕ ಗಳಿಸಿ ಪ್ರಥಮ ಸ್ಥಾನ ಪಡೆದರು. ಆರನ್ ಗಳಿಸಿದ್ದು 4 ಅಂಕ. ಅಂತಿಮ ಪಟ್ಟಿಯಲ್ಲಿ ಅವರದು ಕೊನೆಯ ಸ್ಥಾನ. ಆದರೂ ಹಂಗೆರಿಯ ಲಾಯೋಶ್ ಪೋರ್ಟಿಶ್ ಮತ್ತು ಪೂರ್ವ ಜರ್ಮನಿಯ ವುಲ್ಫ್‌ಗಾಂಗ್ ಊಲ್ಮನ್ ಅವರಂಥ ದಿಗ್ಗಜರು ಅವರೆದುರು ಸೋಲೊಪ್ಪಿಕೊಳ್ಳಬೇಕಾಯಿತು.

ಈ ಫಲಿತಾಂಶ ಎರಡು ಮಾತು ಹೇಳುತ್ತದೆ. ಭಾರತೀಯನೊಬ್ಬ ಅಗ್ರಗಣ್ಯರನ್ನು ಗೆಲ್ಲಬಲ್ಲನೆಂಬುದು ಒಂದು. ಓಪನಿಂಗ್‌ಗಳ ಕ್ರಮಬದ್ಧ ಅಧ್ಯಯನ, ಹೊಸ ಪುಸ್ತಕಗಳು, ಸಮಬಲದ ಎದುರಾಳಿಗಳೊಂದಿಗೆ ನಿರಂತರ ಅಭ್ಯಾಸ ಇವಿಲ್ಲದೆ 22 ಆಟಗಳ ಕದನದಲ್ಲಿ ನಿಲ್ಲಲಾಗದೆಂಬುದು ಇನ್ನೊಂದು. ಮುಂದಿನ ಹದಿನಾರು ವರ್ಷ ದೇಶಕ್ಕೆ ಎರಡನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಸಿಗಲಿಲ್ಲ. 1978ರಲ್ಲಿ ಟೆಹರಾನಿನ ಏಷ್ಯನ್ ಜೂನಿಯರ್ ಟೂರ್ನಿ ಗೆದ್ದ ವಿ. ರವಿಕುಮಾರ್ ಆ ಕೊರತೆ ನೀಗಿದರು. ಅವರೂ ತಮಿಳುನಾಡಿನವರೇ ಎಂಬುದು ಗಮನಾರ್ಹ.

ತಾಲ್ ಚೆಸ್ ಕ್ಲಬ್

ಎದುರಾಳಿಗಳಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬುದೇ ಯಾವುದೇ ಚಾಂಪಿಯನ್‌ನ ಬಲ. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮತ್ತಷ್ಟು ಪಟ್ಟ ಗೆಲ್ಲುವುದು ಸುಲಭದ ದಾರಿ. ಆರನ್ ಅದನ್ನು ಹಿಡಿಯಲಿಲ್ಲ. ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರವೇ ಆಡಬೇಕು, ಚೆಸ್ ಸಾಹಿತ್ಯ ಓದಬೇಕು ಎಂದು ಆಟಗಾರರನ್ನು ಪ್ರೇರೇಪಿಸುತ್ತ, ಚೆಸ್ ಬಳಗಗಳನ್ನು ಕಟ್ಟುತ್ತ ಬಂದರು.

ಇದರ ಫಲವಾಗಿ 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರಂಭವಾದದ್ದು ಮಿಖಾಯಿಲ್ ತಾಲ್ ಚೆಸ್ ಕ್ಲಬ್. ಆಕ್ರಮಣಕಾರಿ ಆಟಕ್ಕೆ ಹೆಸರಾದ ಮಾಜಿ ವಿಶ್ವ ಚಾಂಪಿಯನ್ ತಾಲ್ ಅವರ ಹೆಸರನ್ನೇ ಅದಕ್ಕೆ ಇಡಲಾಯಿತು. ಆಗ ಚೆಸ್ ಎಂದರೆ ಸೋವಿಯತ್ ಒಕ್ಕೂಟ ಎನ್ನುವಂತಿತ್ತು. ಭಾರತದ ಅಂಗಡಿಗಳಲ್ಲಿ ದುರ್ಲಭವಾಗಿದ್ದ ಸೋವಿಯತ್ ಚೆಸ್ ಪುಸ್ತಕ, ನಿಯತಕಾಲಿಕೆಗಳು ಇಲ್ಲಿ ಹುಡುಗರ ಕೈಗೆಟಕಿದವು. ರಾಷ್ಟ್ರೀಯ ಚಾಂಪಿಯನ್ ಓಡಾಡುವ ಕೋಣೆಯಲ್ಲೇ ಶಾಲಾ ಬಾಲಕರೂ ಮಣೆ ಹರಡಿ ಕೂರಬಹುದಿತ್ತು.

ತಾಯಿ ಸುಶೀಲಾ ಅವರಿಂದ ಆಟ ಕಲಿತ ಬಾಲಕ ಆನಂದ್ ಸೇರಿದ್ದು ಇದೇ ಕ್ಲಬ್ಬಿಗೆ. ಗೆದ್ದವನು ಮಣೆಯ ಮುಂದೆ ಉಳಿಯಬೇಕು, ಸೋತವನು ಎದ್ದು ಸರದಿಯ ಕೊನೆಗೆ ನಿಲ್ಲಬೇಕು. ಅಲ್ಲಿನ ಬ್ಲಿಟ್ಜ್ ಆಟದ ಕ್ರಮ ಇದಾಗಿತ್ತು. ಆನಂದ್ ಅವರ ಮಿಂಚಿನ ವೇಗಕ್ಕೆ ಈ ಗರಡಿಯೂ ಒಂದು ಕಾರಣ. ಆರನ್ ತಮ್ಮ ಒಂಬತ್ತನೆಯ ಪಟ್ಟ ಗೆದ್ದ ಐದೇ ವರ್ಷಗಳಲ್ಲಿ, 1986ರಲ್ಲಿ, 16ರ ಹರೆಯದ ಆನಂದ್ ರಾಷ್ಟ್ರೀಯ ಚಾಂಪಿಯನ್ ಆದರು. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆರನ್ ಸ್ವತಃ ಗ್ರ್ಯಾಂಡ್‌ಮಾಸ್ಟರ್ ಆಗಲಿಲ್ಲ. ಆದರೆ ಆ ಪದವಿಗೇರಿದ ಮೊದಲ ಭಾರತೀಯ, ಅವರು ಕಟ್ಟಿದ ಮನೆಯಲ್ಲಿ ಆಡಿ ಬೆಳೆದವನಾಗಿದ್ದ.

ಲೇಖನಿಯ ಸೇವೆ

ಮದ್ರಾಸಿಗೆ ಬರಲಾಗದವರಿಗೆ ಆರನ್ ತಲುಪಿದ್ದು ಬರವಣಿಗೆಯ ಮೂಲಕ. ಪತ್ರಿಕೆಗಳಿಗೆ ಚೆಸ್ ವರದಿ ಹಾಗೂ ವಿಶ್ಲೇಷಣೆಗಳನ್ನು ಅವರು ದಶಕಗಳ ಕಾಲ ಬರೆದರು. 1983ರಲ್ಲಿ 'ಚೆಸ್ ಮೇಟ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ಆರಂಭಿಸಿದರು. ಅಂತರ್ಜಾಲವಿಲ್ಲದ ದಿನಗಳಲ್ಲಿ ದೂರದ ಊರಿನ ಆಟಗಾರನಿಗೆ ಹೊಸ ಆಟಗಳ ನಡೆಗಳು ಸಿಗುತ್ತಿದ್ದುದು ಇಂಥ ಪತ್ರಿಕೆಗಳಲ್ಲಿಯೇ. ಮುಂದೆ ವಿಜಯ್ ಪಂಡಿತ್ ಅವರೊಂದಿಗೆ ಸೇರಿ ಭಾರತೀಯ ಚೆಸ್‌ನ ಸಮಗ್ರ ಇತಿಹಾಸವನ್ನೂ ರಚಿಸಿದರು. ಮರೆತುಹೋಗುತ್ತಿದ್ದ ಹಳೆಯ ಆಟಗಾರರ ಹೆಸರುಗಳು ಅದರಲ್ಲಿ ದಾಖಲಾಗಿವೆ.

ಬೆಳೆದ ಬೆಳೆ

1961ರಲ್ಲಿ ಅಂತಾರಾಷ್ಟ್ರೀಯ ಪದವಿ ಪಡೆದ ಒಬ್ಬನೇ ಒಬ್ಬ ಆಟಗಾರನಿದ್ದ ದೇಶದಲ್ಲಿ ಇಂದು 80ಕ್ಕೂ ಹೆಚ್ಚು ಗ್ರ್ಯಾಂಡ್‌ಮಾಸ್ಟರ್‌ಗಳಿದ್ದಾರೆ. 2022ರಲ್ಲಿ ಚೆಸ್ ಒಲಿಂಪಿಯಾಡ್ ಚೆನ್ನೈ ಬಳಿಯ ಮಾಮಲ್ಲಪುರಂನಲ್ಲಿ ನಡೆಯಿತು. 2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಮುಕ್ತ ಹಾಗೂ ಮಹಿಳಾ ವಿಭಾಗಗಳೆರಡರಲ್ಲೂ ಭಾರತಕ್ಕೆ ಚಿನ್ನ ಒಲಿಯಿತು. ಕರ್ನಾಟಕಕ್ಕೆ ಮಾತ್ರ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗಾಗಿ 2017ರವರೆಗೆ ಕಾಯಬೇಕಾಯಿತು; ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಗೌರವ ತಂದುಕೊಟ್ಟರು. ಮುಮ್ಮಡಿಯವರ ಊರಿಗೆ ಇಷ್ಟು ತಡವಾಗಿ ಆ ಪದವಿ ಬಂದದ್ದೇಕೆ, ಮದ್ರಾಸಿಗೆ ಅಷ್ಟು ಬೇಗ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ತಾಲ್ ಕ್ಲಬ್ಬಿನ ಕಥೆಯನ್ನು ಓದಬೇಕು. ಪ್ರತಿಭೆ ಎಲ್ಲ ಊರಲ್ಲೂ ಹುಟ್ಟುತ್ತದೆ. ಅದಕ್ಕೆ ಮಣೆ, ಪುಸ್ತಕ ಮತ್ತು ಜೊತೆಗಾರರನ್ನು ಒದಗಿಸುವ ಹಿರಿಯರು ಎಲ್ಲ ಊರಲ್ಲೂ ಸಿಗುವುದಿಲ್ಲ.

ಪ್ರಮುಖ ಘಟ್ಟಗಳು

1935: ಬರ್ಮಾದ ಟಾಂಗೂನಲ್ಲಿ ಜನನ
1959: ಮೊದಲ ರಾಷ್ಟ್ರೀಯ ಪಟ್ಟ
1960: ಲೀಪ್‌ಜಿಗ್ ಒಲಿಂಪಿಯಾಡ್‌ನಲ್ಲಿ ಮ್ಯಾಕ್ಸ್ ಯೂವೆ ವಿರುದ್ಧ ಜಯ
1961: ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ, ಅದೇ ಸಾಲಿನ ಅರ್ಜುನ ಪ್ರಶಸ್ತಿ
1962: ಸ್ಟಾಕ್‌ಹೋಮ್ ಇಂಟರ್‌ಜೋನಲ್, ಪೋರ್ಟಿಶ್, ಊಲ್ಮನ್ ವಿರುದ್ಧ ಜಯ
1972: ಮದ್ರಾಸಿನಲ್ಲಿ ತಾಲ್ ಚೆಸ್ ಕ್ಲಬ್ ಆರಂಭ
1981: ಒಂಬತ್ತನೆಯ ರಾಷ್ಟ್ರೀಯ ಪಟ್ಟ
1983: 'ಚೆಸ್ ಮೇಟ್' ಮಾಸಪತ್ರಿಕೆ ಆರಂಭ