ಸಿನಿಮಾ ಪ್ರಿಯರ ಕ್ರೆಡಿಟ್ ಕಾರ್ಡು: ಉಚಿತ ಟಿಕೆಟಿನ ನಿಜವಾದ ಬೆಲೆ ಎಷ್ಟು?

ಸಾಮಾನ್ಯ ಕ್ರೆಡಿಟ್ ಕಾರ್ಡುಗಳ ಜೊತೆಗೆ ಗ್ರಾಹಕರ ಹವ್ಯಾಸ ಹಾಗೂ ಅಭಿಮಾನವನ್ನೇ ಆಧಾರವಾಗಿ ಇಟ್ಟುಕೊಂಡ ಕಾರ್ಡುಗಳೂ ಭಾರತದ ಮಾರುಕಟ್ಟೆಯಲ್ಲಿ ಸ್ಥಾನ ಪಡೆದಿವೆ. ಐಸಿಐಸಿಐ ಬ್ಯಾಂಕು 2018ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಹೆಸರಿನಲ್ಲಿ, 2022ರಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ಕ್ರಿಕೆಟ್ ತಂಡದ ಹೆಸರಿನಲ್ಲಿ ಕಾರ್ಡುಗಳನ್ನು ಹೊರತಂದಿತು. ಚಲನಚಿತ್ರಾಸಕ್ತರಿಗಾಗಿ ಕೋಟಕ್ ಮಹೀಂದ್ರ ಬ್ಯಾಂಕು ಪಿವಿಆರ್ ಸಂಸ್ಥೆಯೊಡನೆ, ಆರ್‌ಬಿಎಲ್ ಬ್ಯಾಂಕು ಬುಕ್‌ಮೈಶೋ ಸಂಸ್ಥೆಯೊಡನೆ ಕೈಜೋಡಿಸಿದವು. ಇಂತಹ ಕಾರ್ಡು ಪಡೆಯುವುದರಿಂದ ಗ್ರಾಹಕನಿಗೆ ನಿಜಕ್ಕೂ ಲಾಭವಿದೆಯೇ ಎಂಬುದನ್ನು ಸಿನಿಮಾ ಕಾರ್ಡಿನ ಉದಾಹರಣೆಯೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ಕಾರ್ಡಿನ ಸ್ವರೂಪ

ಬ್ಯಾಂಕು ಹಾಗೂ ಇನ್ನೊಂದು ವಾಣಿಜ್ಯ ಸಂಸ್ಥೆಯ ಹೆಸರು ಒಟ್ಟಿಗೆ ಇರುವ ಕಾರ್ಡನ್ನು ಸಹ-ಬ್ರಾಂಡ್ ಕಾರ್ಡು ಎನ್ನಲಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಪಾಲುದಾರ ಸಂಸ್ಥೆಯ ಪಾತ್ರ ಕಾರ್ಡಿನ ಪ್ರಚಾರ, ವಿತರಣೆ ಹಾಗೂ ತನ್ನ ಸರಕು ಸೇವೆಗಳನ್ನು ಒದಗಿಸುವುದಕ್ಕೆ ಸೀಮಿತ. ಸಾಲ ನೀಡುವುದು, ಬಿಲ್ಲು ಕಳಿಸುವುದು, ಬಡ್ಡಿ ವಿಧಿಸುವುದು ಎಲ್ಲವೂ ಬ್ಯಾಂಕಿನ ಕೆಲಸ. ಆದ್ದರಿಂದ ಕಾರ್ಡಿನ ಮೇಲೆ ಚಿತ್ರಮಂದಿರದ ಹೆಸರಿದ್ದರೂ ಗ್ರಾಹಕನ ಒಪ್ಪಂದ ಇರುವುದು ಬ್ಯಾಂಕಿನೊಂದಿಗೆ.

ಟಿಕೆಟನ್ನು ಉಚಿತವಾಗಿ ನೀಡುವುದು ಬ್ಯಾಂಕಿಗೆ ಹೇಗೆ ಸಾಧ್ಯ ಎಂಬ ಪ್ರಶ್ನೆ ಸಹಜ. ಕಾರ್ಡು ಬಳಸಿದಾಗಲೆಲ್ಲ ವ್ಯಾಪಾರಿಯಿಂದ ದೊರೆಯುವ ಶುಲ್ಕದ ಪಾಲು, ವಾರ್ಷಿಕ ಶುಲ್ಕ, ಬಾಕಿ ಉಳಿಸಿಕೊಂಡವರು ತೆರುವ ಬಡ್ಡಿ ಇವು ಬ್ಯಾಂಕಿನ ಆದಾಯದ ಮೂಲಗಳು. ಚಿತ್ರಮಂದಿರಕ್ಕೂ ನಷ್ಟವಿಲ್ಲ. ಖಾಲಿ ಉಳಿಯಬಹುದಾಗಿದ್ದ ಕುರ್ಚಿ ತುಂಬುತ್ತದೆ. ಉಚಿತ ಟಿಕೆಟು ಪಡೆದವನು ಒಬ್ಬನೇ ಬರುವುದು ಅಪರೂಪ. ಮಧ್ಯಂತರದಲ್ಲಿ ಪಾಪ್‌ಕಾರ್ನ್, ತಂಪು ಪಾನೀಯಗಳ ಮಾರಾಟವೂ ಆಗುತ್ತದೆ.

ಲೆಕ್ಕಾಚಾರದ ವಿಧಾನ

ಉದಾಹರಣೆಗೆ ಒಂದು ಕಾರ್ಡಿನ ವಾರ್ಷಿಕ ಶುಲ್ಕ 500 ರೂ. ಎಂದು ಭಾವಿಸೋಣ. ಶೇ. 18ರ ಜಿಎಸ್‌ಟಿ ಸೇರಿದರೆ ಅದು 590 ರೂ. ಆಗುತ್ತದೆ. ತಿಂಗಳಿಗೆ 10,000 ರೂ. ಖರ್ಚು ಮಾಡಿದವರಿಗೆ ಒಂದು ಟಿಕೆಟು ಎಂಬುದು ನಿಯಮವಾಗಿರಲಿ. ವರ್ಷದ ಖರ್ಚು 1,20,000 ರೂ., ಟಿಕೆಟುಗಳು 12.

ಟಿಕೆಟಿನ ಬೆಲೆ 200 ರೂ. ಆಗಿದ್ದು ಹನ್ನೆರಡನ್ನೂ ಬಳಸಿಕೊಂಡರೆ ಒಟ್ಟು 2,400 ರೂ. ಮೌಲ್ಯ ದೊರೆಯುತ್ತದೆ. ಶುಲ್ಕ ಕಳೆದರೆ ಉಳಿಯುವುದು 1,810 ರೂ., ಅಂದರೆ ಖರ್ಚಿನ ಶೇ. 1.5ರಷ್ಟು. ಟಿಕೆಟಿನ ಬೆಲೆ 300 ರೂ. ಆಗಿದ್ದರೆ ಲಾಭ 3,010 ರೂ., ಶೇ. 2.5ರಷ್ಟು. ಅದೇ ಗ್ರಾಹಕ 200 ರೂಪಾಯಿಯ ಆರು ಟಿಕೆಟುಗಳನ್ನು ಮಾತ್ರ ಬಳಸಿದರೆ ಲಾಭ 610 ರೂ.ಗೆ, ಶೇ. 0.5ರಷ್ಟಕ್ಕೆ ಕುಸಿಯುತ್ತದೆ.

ಈ ಅಂಕಿಗಳನ್ನು ವಾರ್ಷಿಕ ಶುಲ್ಕವಿಲ್ಲದೆ ಶೇ. 1ರಷ್ಟು ಹಣ ಮರಳಿಸುವ ಸಾಧಾರಣ ಕಾರ್ಡಿನೊಡನೆ ಹೋಲಿಸಬೇಕು. ಅಷ್ಟೇ ಖರ್ಚಿಗೆ ಆ ಕಾರ್ಡು 1,200 ರೂ. ನೀಡುತ್ತದೆ. ಸಿನಿಮಾ ಕಾರ್ಡು ಅದನ್ನು ಮೀರಿಸಬೇಕಾದರೆ 200 ರೂಪಾಯಿಯ ಕನಿಷ್ಠ 9, ಇಲ್ಲವೇ 300 ರೂಪಾಯಿಯ ಕನಿಷ್ಠ 6 ಟಿಕೆಟುಗಳು ಬಳಕೆಯಾಗಬೇಕು. ಮರಳಿ ಬಂದ ಹಣವನ್ನು ಅಕ್ಕಿ, ಬೇಳೆಗೂ ಬಳಸಬಹುದು. ಟಿಕೆಟನ್ನು ಸಿನಿಮಾಕ್ಕೆ ಮಾತ್ರ.

ಮೌಲ್ಯ ಕಡಿಮೆಯಾಗುವುದೆಲ್ಲಿ?

ಮೊದಲನೆಯದು ಖರ್ಚಿನ ಮಿತಿ. ಮೇಲಿನ ಉದಾಹರಣೆಯಲ್ಲಿ 9,900 ರೂ. ಖರ್ಚು ಮಾಡಿದ ತಿಂಗಳು ಟಿಕೆಟಿಲ್ಲ, 19,000 ರೂ. ಖರ್ಚು ಮಾಡಿದರೂ ಒಂದೇ ಟಿಕೆಟು. ಮಿತಿ ತಲುಪಲೆಂದು 2,000 ರೂ. ಬೆಲೆಯ ಬೇಡದ ವಸ್ತು ಕೊಂಡವರು 200 ರೂ. ಟಿಕೆಟಿಗಾಗಿ 2,000 ರೂ. ಕೊಟ್ಟಂತಾಗುತ್ತದೆ.

ಎರಡನೆಯದು ಬಳಕೆಯ ನಿರ್ಬಂಧಗಳು. ಟಿಕೆಟಿಗೆ ಇಂತಿಷ್ಟೇ ಮೊತ್ತ ಎಂಬ ಗರಿಷ್ಠ ಮಿತಿ, ಬಳಸಲು ಗಡುವು, ಒಂದೇ ಸಮೂಹದ ಚಿತ್ರಮಂದಿರಗಳು ಎಂಬ ಷರತ್ತುಗಳು ಸಾಮಾನ್ಯ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂತಹ ನಗರಗಳಲ್ಲಿ ಮಲ್ಟಿಪ್ಲೆಕ್ಸುಗಳಿವೆ. ಊರಿನ ಏಕಪರದೆ ಚಿತ್ರಮಂದಿರದಲ್ಲೇ ಕನ್ನಡ ಚಿತ್ರ ನೋಡುವ ಪ್ರೇಕ್ಷಕನಿಗೆ ಮಲ್ಟಿಪ್ಲೆಕ್ಸ್ ಸಮೂಹದ ಕಾರ್ಡು ನಿರುಪಯುಕ್ತ. ಪಿವಿಆರ್ ಹಾಗೂ ಐನಾಕ್ಸ್ 2023ರಲ್ಲಿ ವಿಲೀನಗೊಂಡಂತೆ ಪಾಲುದಾರ ಸಂಸ್ಥೆಯ ಸ್ವರೂಪವೇ ಬದಲಾಗುವುದೂ ಉಂಟು. ಆಗ ಕಾರ್ಡಿನ ಷರತ್ತುಗಳನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳಿತು.

ಮೂರನೆಯದು ಟಿಕೆಟ್ ದರ. ಕರ್ನಾಟಕ ಸರ್ಕಾರವು 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟಿಗೆ ತೆರಿಗೆ ಹೊರತುಪಡಿಸಿ 200 ರೂ. ಗರಿಷ್ಠ ದರ ನಿಗದಿ ಮಾಡಿತು. ಅದೇ ತಿಂಗಳು ಹೈಕೋರ್ಟು ಇದಕ್ಕೆ ಮಧ್ಯಂತರ ತಡೆಯಾಜ್ಞೆ ನೀಡಿತು. ಪ್ರೇಕ್ಷಕನ ದೃಷ್ಟಿಯಿಂದ ಅಗ್ಗದ ಟಿಕೆಟು ಸ್ವಾಗತಾರ್ಹ. ಆದರೆ ಟಿಕೆಟು ಅಗ್ಗವಾದಷ್ಟೂ ಉಚಿತ ಟಿಕೆಟಿನ ಮೌಲ್ಯ ಇಳಿಯುತ್ತದೆ, ವಾರ್ಷಿಕ ಶುಲ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ದುಬಾರಿ ವಾರಾಂತ್ಯದ ಪ್ರದರ್ಶನಗಳಿಗೆ ಹೋಗುವವರಿಗೂ ವಾರದ ದಿನಗಳ ಬೆಳಗಿನ ಪ್ರದರ್ಶನ ನೋಡುವವರಿಗೂ ಲೆಕ್ಕ ಬೇರೆ ಬೇರೆ.

ಬಡ್ಡಿಯ ಹೊರೆ

ಮೇಲಿನ ಲೆಕ್ಕವೆಲ್ಲ ಬಿಲ್ಲನ್ನು ಪ್ರತಿ ತಿಂಗಳೂ ಪೂರ್ತಿಯಾಗಿ ಪಾವತಿಸುವವರಿಗೆ ಮಾತ್ರ ಅನ್ವಯಿಸುತ್ತದೆ. ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ ವರ್ಷಕ್ಕೆ ಶೇ. 42. 40,000 ರೂ. ಬಾಕಿ ಒಂದೇ ಒಂದು ತಿಂಗಳು ಉಳಿದರೆ 1,400 ರೂ. ಬಡ್ಡಿ, ಅದರ ಮೇಲೆ 252 ರೂ. ಜಿಎಸ್‌ಟಿ, ಒಟ್ಟು 1,652 ರೂ. ತೆರಬೇಕು. ವರ್ಷಪೂರ್ತಿ ಹನ್ನೆರಡು ಸಿನಿಮಾ ನೋಡಿ ಗಳಿಸಿದ 1,810 ರೂ. ಲಾಭದಲ್ಲಿ ಉಳಿಯುವುದು 158 ರೂ. ಮಾತ್ರ. ಹಳೆಯ ಬಾಕಿ ಇರುವವರೆಗೆ ಹೊಸ ಖರೀದಿಗಳಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಬಿಲ್ಲಿನಲ್ಲಿ ಕಾಣಿಸುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ.

ವಾರ್ಷಿಕ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವು 2008ರಲ್ಲಿ ತೀರ್ಪು ನೀಡಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು. ಹೀಗಾಗಿ ಶೇ. 30ರ ಆ ಮಿತಿಯ ರಕ್ಷಣೆಯನ್ನು ಗ್ರಾಹಕ ನೆಚ್ಚಿಕೊಳ್ಳುವಂತಿಲ್ಲ.

ಗ್ರಾಹಕನ ಹಕ್ಕುಗಳು

2022ರ ನಿರ್ದೇಶನವು ಕೆಲವು ರಕ್ಷಣೆಗಳನ್ನು ಒದಗಿಸಿತು. ಶುಲ್ಕ ಬದಲಾಯಿಸುವ ಮುನ್ನ ಬ್ಯಾಂಕು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ನೀಡಬೇಕು. ಬದಲಾವಣೆ ಒಪ್ಪಿಗೆಯಾಗದಿದ್ದರೆ ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡನ್ನು ಹಿಂತಿರುಗಿಸಬಹುದು. ಬಾಕಿ ಪೂರ್ತಿ ಸಂದಾಯವಾಗಿದ್ದಲ್ಲಿ, ಕಾರ್ಡು ರದ್ದುಪಡಿಸುವ ಕೋರಿಕೆಯನ್ನು 7 ಕೆಲಸದ ದಿನಗಳೊಳಗೆ ಈಡೇರಿಸಬೇಕು. ತಪ್ಪಿದರೆ ದಿನಕ್ಕೆ 500 ರೂ. ದಂಡವನ್ನು ಬ್ಯಾಂಕು ಗ್ರಾಹಕನಿಗೆ ನೀಡಬೇಕು. ಕೇಳದೆ ಕಾರ್ಡು ನೀಡುವುದನ್ನೂ ಈ ನಿರ್ದೇಶನ ನಿಷೇಧಿಸಿತು. ದೂರಿಗೆ ಬ್ಯಾಂಕಿನಿಂದ 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು.

ಯಾರಿಗೆ ಸೂಕ್ತ?

ಕಳೆದ ವರ್ಷ ತಾನು ಎಷ್ಟು ಸಿನಿಮಾಗಳನ್ನು, ಯಾವ ಚಿತ್ರಮಂದಿರದಲ್ಲಿ, ಎಷ್ಟು ದರ ತೆತ್ತು ನೋಡಿದೆ ಎಂಬುದನ್ನು ಗ್ರಾಹಕ ಮೊದಲು ಬರೆದಿಟ್ಟುಕೊಳ್ಳಬೇಕು. ತಿಂಗಳಿಗೊಮ್ಮೆಯಾದರೂ ಅದೇ ಸಮೂಹದ ಮಲ್ಟಿಪ್ಲೆಕ್ಸಿಗೆ ಹೋಗುವವರು, ದಿನಸಿ, ವಿದ್ಯುತ್, ಪೆಟ್ರೋಲ್ ಮುಂತಾದ ನಿತ್ಯದ ವೆಚ್ಚದಲ್ಲೇ ಮಿತಿಯನ್ನು ತಲುಪುವವರು, ಬಿಲ್ಲನ್ನು ಗಡುವಿನೊಳಗೆ ಪೂರ್ತಿ ತೀರಿಸುವವರು ಈ ಕಾರ್ಡಿನಿಂದ ಪ್ರಯೋಜನ ಪಡೆಯಬಹುದು. ಯಾವ ವೆಚ್ಚಗಳು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಷರತ್ತುಗಳ ಪತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಾಧಾರಣ ಕಾರ್ಡು ಇಲ್ಲವೇ ಕೈಯಲ್ಲಿರುವ ನಗದೇ ಲೇಸು. ಕ್ರಿಕೆಟ್, ಫುಟ್‌ಬಾಲ್, ಪ್ರವಾಸದ ಹೆಸರಿನ ಕಾರ್ಡುಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ: ಈಗಾಗಲೇ ಇರುವ ಹವ್ಯಾಸದ ವೆಚ್ಚವನ್ನು ಅದು ತಗ್ಗಿಸುವುದಾದರೆ ಮಾತ್ರ ಅರ್ಜಿ ಸಲ್ಲಿಸುವುದು ಸೂಕ್ತ.