ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು

ಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಬಾಡಿಗೆ 15,000 ಅಂದ್ರೆ ಅಡ್ವಾನ್ಸ್ ಒಂದೂವರೆ ಲಕ್ಷ. ಹತ್ತು ತಿಂಗಳದ್ದು! ಕಾಯ್ದೆ ಅಲ್ಲ, ಬೆಂಗಳೂರಿನ ವಾಡಿಕೆ. ಬಡ್ಡಿ ಇಲ್ಲ; ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಕಟ್.

ಕರಾರು ಮಾತ್ರ ಹನ್ನೊಂದೇ ತಿಂಗಳಿಗೆ. ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ, ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಬ್ರಿಟಿಷರ ಕಾಲದ ಆ ನಿಯಮ ತಪ್ಪಿಸೋಕೆ ಇವತ್ತಿಗೂ ಈ ಲೆಕ್ಕ.

ಬೊಮ್ಮನಹಳ್ಳಿಗೆ ಮೊದಲು ತನ್ನದೇ ನಗರಸಭೆ ಇತ್ತು, 2007ರಲ್ಲಿ ಬಿಬಿಎಂಪಿಗೆ ಸೇರಿತು. ಎಲೆಕ್ಟ್ರಾನಿಕ್ ಸಿಟಿಯ ಐಟಿಯವರೂ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಮನೆ ಹುಡುಕೋದು ಇಲ್ಲೇ. ಒಂದೂವರೆ ಲಕ್ಷ ಐಟಿಯವರಿಗೆ ಸಂಬಳದ ಮಾತು. ಹೊಲಿಗೆ ಮೆಷಿನ್ ಮುಂದೆ ಕೂತವರಿಗೆ?

2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗೋವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಸುದ್ದಿಯಾಗಿದ್ದು ಟ್ರಾಫಿಕ್ ಜಾಮು, ಸುಟ್ಟ ಬಸ್ಸು. ಎರಡೇ ದಿನದಲ್ಲಿ ನಿಯಮ ವಾಪಸ್ಸಾಯ್ತು.

ಅವರಿಗೆ ಪಿಎಫ್ ಅನ್ನೋದು ಮುಪ್ಪಿನ ಗಂಟಲ್ಲ ಸ್ವಾಮಿ. ಮದುವೆ, ಆಸ್ಪತ್ರೆ, ಮನೆ ಬದಲಾಯಿಸುವಾಗಿನ ಅಡ್ವಾನ್ಸ್, ಎಲ್ಲದಕ್ಕೂ ಅದೇ ದಿಕ್ಕು. ಒಂದು ಗಂಟು ಆಗಲೇ ಓನರ್ ಹತ್ತಿರ ಇದೆ. ಇನ್ನೊಂದನ್ನು ಸರ್ಕಾರವೂ ಹಿಡಿದಿಟ್ಟರೆ?

2021ರಲ್ಲಿ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಬಂತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ ಅನ್ನುತ್ತೆ ಅದು. ಆದರೆ ಮಾದರಿ ಅಷ್ಟೇ, ರಾಜ್ಯ ಒಪ್ಪಿ ತಂದರೆ ಮಾತ್ರ ಜಾರಿ. ಬೊಮ್ಮನಹಳ್ಳಿಯ ಓನರ್‌ಗಳಲ್ಲಿ ಐದಾರು ತಿಂಗಳಿಗೆ ಇಳಿದವರೂ ಇದ್ದಾರೆ, ಮನೆ ಖಾಲಿ ಬಿದ್ದಾಗ.